ನಾನು ಬಿಚ್ಚಿದ ಗಂಟುಗಳು

ಕಾಕಾನ ಬಲಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ. ಚಿಕ್ಕವರಿದ್ದಾಗ ಕುರಿಯ ಉಣ್ಣೆ ಕತ್ತರಿಸುವಾಗ ಕತ್ತರಿಗೆ ಸಿಕ್ಕು, ಅರ್ಧ ಉಗುರಿನ ಸಮೇತ ಹೋಗಿತ್ತಂತೆ. ಉಳಿದ ಮೊಂಡು ಹೆಬ್ಬೆರಳು ಮಾತ್ರ ಭಾರಿ ಚುರುಕು. ಯಾವ ಅರಿವೆ ಕೈಗೆ ಬಂದರೂ ಅದನ್ನು ಆ ಮೊಂಡು ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಿದ್ದರು. ಕಣ್ಣು ಎತ್ತಲೋ ಇರುತ್ತಿತ್ತು. "ಇದು ಮನ್ನಳ್ಳಿ ಊರಿಂದು ನೋಡು," ಎನ್ನುತ್ತಿದ್ದರು. "ಕುಬಸದ ತೋಳು. ಆ ಆಯಿ ಅರಿಶಿಣ ಕುಟ್ಟೂಮುಂದ ತೊಟ್ಟಿದ್ದು. ಮೂಸಿ ನೋಡವ್ವಾ, ವಾಸನಿ ಇನ್ನಾ ಅದ."

ನಾನು ಮೂಸುತ್ತಿರಲಿಲ್ಲ. ಧೂಳಿಗೆ ಸೀನು ಬರುತ್ತದೆಂದು ಮೂಗಿಗೆ ಮಾಸ್ಕು ಹಾಕಿಕೊಂಡು ಕೂತಿರುತ್ತಿದ್ದೆ.

ಬೀದರಿನ ಹಳೆಯ ಊರಿನಲ್ಲಿ, ಬಿದ್ರಿ ಕೆಲಸದವರ ಅಂಗಡಿಗಳನ್ನು ದಾಟಿದ ಮೇಲೆ, ಕೆಂಪು ಕಲ್ಲಿನ ಹಳೆಯ ಮನೆಯೊಂದರಲ್ಲಿ ಸಣ್ಣದೊಂದು ಚಿತ್ರಕಲಾ ಸಂಗ್ರಹಾಲಯವಿದೆ. ಚಿತ್ರಕಲೆಯಲ್ಲಿ ಎಂ.ಎ. ಓದುತ್ತಿದ್ದ ನಾನು ಅಲ್ಲಿನ ದಾಖಲೆ ಕೋಣೆಗೆ ಮೂರು ತಿಂಗಳ ಇಂಟರ್ನ್ ಆಗಿ ಸೇರಿದ್ದೆ. ಔರಾದ್ ತಾಲ್ಲೂಕಿನ ಎಕಂಬಾದ ಹುಡುಗಿ. ನಮ್ಮ ಮನೆತನದಲ್ಲಿ ಇಂಥ ಕೋಣೆಯ ಕೀಲಿ ಕೈಗೆ ಬಂದದ್ದು ನನಗೇ ಮೊದಲು. ಗರ್ವ ಸ್ವಲ್ಪ ಇತ್ತು. ಸ್ವಲ್ಪವೇನು, ತಲೆತುಂಬ ಇತ್ತು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಈ ಕಾಕಾ. ಭಾಲ್ಕಿ ಹತ್ತಿರದ ಹಳ್ಳಿಯವರು, ಕುರಿ ಸಾಕುವ ಮನೆತನ. ಜವಾನರಾಗಿ ಸೇರಿದ್ದರು. ನಿವೃತ್ತಿಯ ವಯಸ್ಸು ದಾಟಿದ ಮೇಲೆಯೂ ವರ್ಷಕ್ಕೊಮ್ಮೆ ಮುಂದುವರಿಸುವ ಕಾಗದದ ಮೇಲೆ ಉಳಿದಿದ್ದರು. ಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಗಂಟಿನ ಕಾಕಾ ಎಂದೇ ಕರೆಯುತ್ತಿದ್ದರು.

ಯಾಕೆಂದರೆ ಅವರ ಕಪಾಟಿನ ತುಂಬ ಗಂಟುಗಳು. ಹಿಂದೆ ಭಾಲ್ಕಿಯ ಬಜಾರಿನಲ್ಲಿ ಒಬ್ಬ ಚಿತ್ರಗಾರ ಇದ್ದನಂತೆ. ಫೋಟೋ ತೆಗೆದು, ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿ ಕೊಡುತ್ತಿದ್ದ. ಸುತ್ತಲಿನ ಹಳ್ಳಿಗಳ ಗಂಡಸರೆಲ್ಲ ಜೀವನದಲ್ಲಿ ಒಮ್ಮೆ ಅವನ ಮುಂದೆ ಕೂತವರೇ. ಅವನ ಅಂಗಡಿಯಲ್ಲಿ ಇದ್ದದ್ದು ಒಂದೇ ಕರಿ ಕೋಟು. ಬಂದವರೆಲ್ಲ ಅದನ್ನೇ ತೊಟ್ಟು, ಒಂದೇ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈ ಇಟ್ಟುಕೊಂಡು ನೆಟ್ಟಗೆ ನೋಡುವುದು. ಆಮೇಲೆ ಆ ಪುಣ್ಯಾತ್ಮ ಎಲ್ಲರ ಕೆನ್ನೆಗೂ ಅದೇ ಗುಲಾಬಿ ಬಣ್ಣ, ಎಲ್ಲರ ಮೀಸೆಗೂ ಅದೇ ಕಪ್ಪು ಬಳಿಯುತ್ತಿದ್ದ. ಗಾಯದ ಕಲೆ ಇದ್ದರೆ ಅಳಿಸಿಬಿಡುತ್ತಿದ್ದ. ವರ್ಷಗಳು ಕಳೆದು, ಚೌಕಟ್ಟಿಗೆ ಗೆದ್ದಲು ಹತ್ತತೊಡಗಿದಾಗ, ಕಾಕಾ ಬಸ್ಸು ಹತ್ತಿ ಊರೂರು ತಿರುಗಿ ಅಂಥ ಅರವತ್ತೊಂದು ಚಿತ್ರಗಳನ್ನು ಸಂಗ್ರಹಾಲಯಕ್ಕೆ ತಂದಿದ್ದರು. ಪ್ರತಿಯೊಂದನ್ನೂ ಅದು ಬಂದ ಮನೆಯ ಅರಿವೆಯಲ್ಲೇ ಕಟ್ಟಿ ಇಟ್ಟಿದ್ದರು. ರಿಜಿಸ್ಟರಿನಲ್ಲಿ ಊರ ಹೆಸರು, ಅದರ ಮುಂದೆ ಅರಿವೆಯ ಗುರುತು, ಅಷ್ಟೇ ಇತ್ತು. ಚಿತ್ರದಲ್ಲಿದ್ದವನ ಹೆಸರು ಎಲ್ಲೂ ಇರಲಿಲ್ಲ.

"ಹೆಸರು ಯಾಕ ಬರ್ಕೊಂಡಿಲ್ರಿ ಕಾಕಾ?" ಎಂದು ಮೊದಲ ದಿನವೇ ಕೇಳಿದ್ದೆ.

"ಕೊಟ್ಟವ್ರು ಎಲ್ಲಾ ಹೆಣ್ಣಮಕ್ಕಳವ್ವಾ. ಗಂಡನ ಹೆಸರು ಹ್ಯಾಂಗ ಹೇಳ್ತಾರ? ನಾ ಅಂದೆ, ಹೆಸರು ಬ್ಯಾಡ ಬಿಡ್ರಿ, ಮನ್ಯಾಂದು ಒಂದು ಅರಿವಿ ಕೊಡ್ರಿ, ಅದೇ ಗುರ್ತ."

"ಬಾಜು ಮನಿಯವ್ರಿಗಿ ಕೇಳಿದ್ರ ಹೇಳ್ತಿದ್ರಲ್ಲ?"

ಕಾಕಾ ನನ್ನನ್ನು ಹಾಗೇ ನೋಡಿದರು. "ಆಕಿ ಬಾಯಿಲೆ ಹೇಳಲಾರದ್ದು ನಾ ಹೋಗಿ ಬಾಜು ಮನ್ಯಾಗ ಕದ್ದು ಕೇಳ್ಲೇನು?" ಎಂದರು. ಆಮೇಲೆ ಒಂದು ಗಂಟು ಕೆಳಗಿಳಿಸಿ, ಮೇಜಿನ ಮೇಲೆ ಬಿಚ್ಚಿ ತೋರಿಸಿ, ಮತ್ತೆ ಹಾಗೇ ಕಟ್ಟಿದರು. "ಇಷ್ಟೇ ನೋಡು ಕೆಲಸ. ಒಂದು ಬಿಚ್ಚು, ನೋಡು, ಬರ್ಕೊ, ಕಟ್ಟು. ಆಮ್ಯಾಲ ಇನ್ನೊಂದು. ಎರಡು ಕೂಡೇ ಬಿಚ್ಚಬ್ಯಾಡ." ಎರಡು ಹಿಂಡು ಒಂದೇ ಹಟ್ಟಿಯಲ್ಲಿ ಕೂಡಿದರೆ ಬೆಳಗಾಗುವವರೆಗೂ ಜಗಳ ಎಂದು ನಕ್ಕರು. ಅವರು ಹೇಳಿದ ನಿಯಮ ಇದೊಂದೇ. ಮೂರು ತಿಂಗಳಲ್ಲಿ ಬೇರೆ ಯಾವ ನಿಯಮವನ್ನೂ ಹೇಳಲಿಲ್ಲ.

ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಮಧ್ಯಾಹ್ನ ದಸ್ತಿಯಲ್ಲಿ ಕಟ್ಟಿ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ಮೊದಲ ರೊಟ್ಟಿಯ ಅರ್ಧ ಮುರಿದು ನನ್ನ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ಸಂಜೆ ದೀಪ ಆರಿಸುವ ಮೊದಲು ಕಪಾಟಿನ ಕಡೆ ತಿರುಗಿ, "ಕುಂತಿರ್ರೀ, ಮುಂಜಾನಿ ಬರ್ತೇನಿ," ಎಂದು ಹೇಳಿಯೇ ಬಾಗಿಲು ಹಾಕುವುದು. ನನ್ನನ್ನು ಕಾಡಿಸುವುದೆಂದರೆ ಅವರಿಗೆ ಭಾಳ ಖುಷಿ. "ನಿಮ್ಮ ಔರಾದ ಕಡಿ ಮಂದಿ ಅರ್ಧಾ ಮರಾಠಿ," ಎನ್ನುತ್ತಿದ್ದರು. "ನೀವು ಭಾಲ್ಕಿಯವ್ರು ಪೂರಾ ಮರಾಠಿ!" ಎಂದು ನಾನು. ಏನಾದರೂ ಕೇಳಿದರೆ ಮೊದಲು ಕಂಪ್ಯೂಟರಿನ ಕಡೆ ಗದ್ದ ತೋರಿಸುವರು: "ನಿನ್ನ ಡಬ್ಬಿಗಿ ಕೇಳಿದೇನು? ಏನಂತದ ಅದು?"

ಡಬ್ಬಿ ಏನೂ ಅನ್ನುತ್ತಿರಲಿಲ್ಲ. ಅನ್ನುತ್ತಿದ್ದವಳು ನಾನು. ಒಂದೊಂದೇ ಗಂಟು ಬಿಚ್ಚಿ, ಕಾಕಾ ಹೇಳುವ ಅದರ ಕಥೆ ಕೇಳಿ, ಕಟ್ಟುವುದರಲ್ಲಿ ವಾರಕ್ಕೆ ಮೂರು ಚಿತ್ರವೂ ಆಗುತ್ತಿರಲಿಲ್ಲ. ಮೇಲಿನ ಮೇಡಂ, ಅಂದರೆ ಸಂಗ್ರಹಾಲಯದ ಮುಖ್ಯಸ್ಥೆ, ಪಟ್ಟಿ ಎಲ್ಲಿಗೆ ಬಂತು ಎಂದು ಎರಡು ಸಲ ಕೇಳಿದ್ದರು. ಎರಡನೇ ತಿಂಗಳಲ್ಲಿ ಕಾಕಾನ ಮಗಳ ಹೆರಿಗೆ ಎಂದು ಅವರು ಒಂದು ವಾರ ರಜೆ ಹೋದರು. ಹೋಗುವಾಗ ಕೀಲಿ ನನ್ನ ಕೈಗೇ ಕೊಟ್ಟರು.

ನನ್ನ ಜಾಣತನಕ್ಕೆ ಬೆಂಕಿ ಹಾಕ! ಅವರು ಬಸ್ಸು ಹತ್ತಿದ ಮರುದಿನವೇ ನಾನು ಅರವತ್ತೊಂದು ಗಂಟುಗಳನ್ನೂ ಬಿಚ್ಚಿ ನೆಲದ ಮೇಲೆ ಹರವಿದೆ. ಚಿತ್ರಗಳನ್ನು ಸ್ಕ್ಯಾನ್ ಮಾಡಿದೆ. ಓದಿದ್ದೆನಲ್ಲ, ಹಳೆಯ ಬಟ್ಟೆಯಿಂದ ಚಿತ್ರಕ್ಕೆ ಹುಳ ಹತ್ತುತ್ತದೆ ಎಂದು. ಒಂದೊಂದನ್ನೂ ಬಿಳಿ ಕವರಿಗೆ ಹಾಕಿ ಅಂಕಿ ಬರೆದೆ. "ಕೋಟು ಧರಿಸಿದ ಪುರುಷ, ಕುಳಿತ ಭಂಗಿ, ಒಂದು." "ಕೋಟು ಧರಿಸಿದ ಪುರುಷ, ಕುಳಿತ ಭಂಗಿ, ಎರಡು." ಹೀಗೆ ಅರವತ್ತೊಂದರವರೆಗೆ. ಬರೆಯುವಾಗ ನನಗೆ ಒಮ್ಮೆಯೂ ನಗು ಬರಲಿಲ್ಲ, ಅನುಮಾನವೂ ಬರಲಿಲ್ಲ. ಉಳಿದ ಅರಿವೆಗಳನ್ನು ಹಿತ್ತಿಲಿನ ನಳದ ಕೆಳಗೆ ಸೋಪಿನ ಪುಡಿ ಹಾಕಿ ನೆನೆಸಿ, ಉಜ್ಜಿ ಉಜ್ಜಿ ಒಗೆದು ಹಗ್ಗದ ಮೇಲೆ ಹರವಿದೆ. ಕಪಾಟು ಒರೆಸಲು ಆಗುತ್ತವೆ ಎಂದುಕೊಂಡಿದ್ದೆ. ಮೇಡಂ ಬಂದು ಕಂಪ್ಯೂಟರಿನಲ್ಲಿ ಪಟ್ಟಿಯಷ್ಟೇ ನೋಡಿ ಬೆನ್ನು ತಟ್ಟಿದರು.

ಕಾಕಾ ಪೇಢೆಯ ಡಬ್ಬಿ ಹಿಡಿದು ಬಂದರು. ಮೊಮ್ಮಗ ಹುಟ್ಟಿದ್ದ. ನನ್ನ ಬಾಯಿಗೆ ಒಂದು ಪೇಢೆ ಹಾಕಿ, ಕೈ ತೊಳೆಯಲು ಹಿತ್ತಿಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ನಾನು ಹಿಂದೆಯೇ ಹೋದೆ, ಶಹಬ್ಬಾಸ್ ಅನ್ನಿಸಿಕೊಳ್ಳಲು. ಅವರು ಹಗ್ಗದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೊಂದೇ ಅರಿವೆಯನ್ನು ಆ ಮೊಂಡು ಬೆರಳಿನಿಂದ ಮುಟ್ಟುತ್ತ ಹೋದರು. ಕುಬಸದ ತೋಳನ್ನು ಮೂಗಿನ ಹತ್ತಿರ ಹಿಡಿದರು. ಕೆಳಗಿಟ್ಟರು.

"ಚಿತ್ರಾ ಎಲ್ಲವ?"

"ಕವರಿನಾಗ ಹಾಕೀನ್ರಿ ಕಾಕಾ. ನಂಬರ್ ಪ್ರಕಾರ."

"ಯಾವ ಅರಿವ್ಯಾಗ ಯಾವ್ದು ಇತ್ತು, ಬರ್ಕೊಂಡೀ?"

ಆಗ ನನಗೆ ಹೊಳೆಯಿತು. ಪೇಢೆ ಇನ್ನೂ ಬಾಯಲ್ಲೇ ಇತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ, ಅತ್ತು, ಹಗುರ ಆಗುತ್ತಿದ್ದೆನೋ ಏನೋ. "ಚಲೋ ಒಗದೀ ಯವ್ವಾ. ಬೆಳ್ಳಗ ಆಗ್ಯಾವ," ಎಂದರು, ಅಷ್ಟೆ. ಹಗ್ಗದಿಂದ ಅರಿವೆಗಳನ್ನು ಇಳಿಸಿ, ಕಲ್ಲಿನ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಮಡಚಿದರು. ಮರುದಿನದಿಂದ ನಾನು ಊಟದ ನಂತರ ಹೊರಗೆ ಹೋದಾಗಲೆಲ್ಲ ಅವರು ನೆಲದ ಮೇಲೆ ಚಿತ್ರಗಳನ್ನೂ ಅರಿವೆಗಳನ್ನೂ ಹರವಿಕೊಂಡು ಜೋಡಿ ಹುಡುಕುತ್ತಿದ್ದರು. ನಾನು ಬರುವ ಸಪ್ಪಳ ಕೇಳಿದರೆ ಎಲ್ಲ ಎತ್ತಿಡುವರು, ನನಗೆ ಬೇಜಾರಾಗಬಾರದು ಅಂತ. ಅವರ ಕಣ್ಣು ಮೊದಲಿನ ಹಾಗಿರಲಿಲ್ಲ. ಒಂದು ತಿಂಗಳಲ್ಲಿ ಎಂಟು ಸೇರಿಸಿದ್ದರು, ಅದರಲ್ಲೂ ಎರಡರ ಮೇಲೆ ಅನುಮಾನ.

ನನ್ನ ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ನಮ್ಮ ಔರಾದ್ ಕಡೆಯ ಡಾಬಕಾದಿಂದ ಒಬ್ಬ ಆಯಿ ಬಂದರು. ಬಿಳಿ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಎರಡೂ ಕಣ್ಣಿಗೆ ಪೊರೆ. ಮೊಮ್ಮಗಳು ಬಸ್ಸು ಹತ್ತಿಸಿ, ಕಂಡಕ್ಟರಿಗೆ ಹೇಳಿ ಕಳಿಸಿದ್ದಳಂತೆ. ಮಾತು ಶುರುವಾದ ಕೂಡಲೇ ನನಗೆ ತಿಳಿಯಿತು, ನಮ್ಮ ಮಂದಿಯೇ. ಥೇಟ್ ನಮ್ಮ ಅಜ್ಜಿಯ ಮಾತು.

ಅವರ ಕಥೆಯನ್ನು ಕಾಕಾ ನನಗೆ ಮೊದಲೇ ಹೇಳಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ಗಂಡನ ಊರು ಗಡಿಯಾಚೆ, ಮರಾಠಿ ಸೀಮೆಯಲ್ಲಿ. ಆಯಿ ಡಾಬಕಾಕ್ಕೆ ಅಣ್ಣನ ಮನೆಗೆ ಬಂದವರು ಅಲ್ಲೇ ಉಳಿದರು. ಅವನ ಒಂದೇ ಚಿತ್ರವನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಗೋಡೆಗೆ ಹಾಕಿದ್ದೇ ಇಲ್ಲ, ಹಾಗಾಗಿ ಆ ಮನೆಯಲ್ಲಿ ಬೇರೆ ಯಾರಿಗೂ ಅವನ ಮುಖ ಗೊತ್ತಿಲ್ಲ. ಟ್ರಂಕಿಗೆ ಗೆದ್ದಲು ಬಂದಾಗ, ಯಾವಾಗ ಬೇಕಾದರೂ ಬಂದು ನೋಡಬಹುದು ಎಂದು ಕಾಕಾ ಮಾತು ಕೊಟ್ಟ ಮೇಲೆ, ಅವನ ರುಮಾಲಿನಲ್ಲೇ ಸುತ್ತಿ ಕೊಟ್ಟಿದ್ದರು.

"ಅಣ್ಣನ ಮೊಮ್ಮಗಳು, ನಾನೇ ಬೆಳಸಿದ್ದು, ಆಕಿ ಲಗ್ನಾ ಅದರಿ," ಎಂದು ಆಯಿ ಚೀಲದಿಂದ ಅರಿಶಿಣ ಹಚ್ಚಿದ ಮದುವೆ ಕಾಗದ ತೆಗೆದರು. "ಪಹಿಲಾ ಕಾಗದಾ ಅವರ ಮುಂದ ಇಡಬೇಕಂತ ಬಂದೀನ್ರಿ. ಜರಾ ತೋರಸ್ರಿ."

ಕಾಕಾ ನನ್ನ ಕಡೆ ನೋಡಲಿಲ್ಲ. ಅರವತ್ತೊಂದು ಕವರುಗಳನ್ನೂ ತೆಗೆದು, ಅದರಲ್ಲಿ ಹರೆಯದವರನ್ನು ಆರಿಸಿ, ಕೊನೆಗೆ ಆರು ಚಿತ್ರ ಮೇಜಿನ ಮೇಲೆ ಇಟ್ಟರು. ಆರಕ್ಕೂ ಅದೇ ಕೋಟು, ಅದೇ ಮೀಸೆ. ಆಯಿ ಒಂದೊಂದನ್ನೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. "ಕಿವಿ ಬಾಜು ಸುಟ್ಟ ಕಲಿ ಇತ್ರಿ," ಎಂದು ಬೆರಳಿನಿಂದ ತಡಕಿದರು. ಕಲೆಯನ್ನು ಚಿತ್ರಗಾರ ಎಂದೋ ಅಳಿಸಿದ್ದ. "ಎಲ್ಲಾರೂ ಒಂದೇ ಕಾಣಸ್ತಾರ್ರಿ. ಅರಿವಿ ಎಲ್ಲದ? ಅರಿವಿ ಕೊಟ್ರ ನಾ ಹೇಳ್ತೇನಿ."

ಕಾಕಾ ಒಗೆದಿಟ್ಟ ಅರಿವೆಗಳ ರಾಶಿಯಿಂದ ಒಂದು ರುಮಾಲು ಹುಡುಕಿ ತಂದುಕೊಟ್ಟರು. ಆಯಿ ಅದನ್ನು ಮುಖಕ್ಕೆ ಒತ್ತಿಕೊಂಡರು. "ಅಂಚು ನಮ್ದೇ ಅದ," ಎಂದರು. "ಖರೇ, ವಾಸನಿ ಯಾರದೋ ಅದಲ್ರಿ?"

ಸೋಪಿನ ಪುಡಿಯ ವಾಸನೆ ಅದು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ, ಆದರೆ ಹೇಳಿದ್ದು ಬೇರೆ. ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಮುಂದೆ ನಾನು ಏನೋ ಕೆಲಸ ಮಾಡುತ್ತಿರುವಂತೆ ಕಾಣಬೇಕಿತ್ತು. ಕೀಲಿಮಣೆ ಹತ್ತಿರ ಎಳೆದುಕೊಂಡೆ.

"ಆಯಿ, ಅವರ ಹೆಸರು ಏನ್ರಿ? ಹೆಸರು ಹೇಳಿದ್ರ ಕಂಪ್ಯೂಟರಿನಾಗ ಹುಡುಕ್ತೇನಿ."

"ಬ್ಯಾಡ ಯವ್ವಾ," ಎಂದರು ಕಾಕಾ.

"ಹೆಸರಿಲ್ದೆ ಹ್ಯಾಂಗ ಸಿಗ್ತದ್ರಿ ಕಾಕಾ?" ಎಂದೆ. ಹೆಸರಿದ್ದರೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಪಟ್ಟಿಯಲ್ಲಿ ಒಂದೇ ಒಂದು ಹೆಸರೂ ಇರಲಿಲ್ಲ. ಪಟ್ಟಿ ಮಾಡಿದವಳೇ ನಾನು.

ಆಯಿ ರುಮಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಅವರ ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಸೆರಗು ಮುಖದ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ, ಸಣ್ಣ ದನಿಯಲ್ಲಿ ಆ ಹೆಸರು ಹೇಳಿದರು. ಮದುವೆಯಾದಂದಿನಿಂದ ಒಮ್ಮೆಯೂ ಬಾಯಿಗೆ ತಂದಿರದ ಹೆಸರು. ಕಾಕಾ ತಲೆ ತಗ್ಗಿಸಿದರು. ನಾನು ಟೈಪು ಮಾಡಿದೆ. ಎರಡು ಸಲ ಮಾಡಿದೆ, ಮೇಡಂಗೆ ಕಾಣುವ ಹಾಗೆ.

"ಸಿಗವಲ್ದು ಆಯಿ," ಎಂದೆ.

"ಹೌದಾ," ಎಂದರು ಆಯಿ. ಗೋಡೆಯಿಂದ ತಿರುಗಿ, ರುಮಾಲನ್ನು ಮೇಜಿನ ಮೇಲೆ ಸಾಪಾಗಿ ಹಾಸಿ, ಅದರ ನಡುವೆ ಮದುವೆ ಕಾಗದ ಇಟ್ಟು ಕೈಮುಗಿದರು. ಆಮೇಲೆ ಎರಡನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡು, ಔರಾದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಕಾಕಾ ಬಸ್ ಸ್ಟ್ಯಾಂಡಿನ ತನಕ ಹೋಗಿ ಕೂಡಿಸಿ ಬಂದರು.

ಅವರು ವಾಪಸು ಬಂದಾಗ ಮೇಡಂ ಕಾಯುತ್ತಿದ್ದರು. ಗಂಟುಗಳನ್ನು ಬಿಚ್ಚಿದ್ದು ಯಾರು, ಬಟ್ಟೆಗಳನ್ನು ಬೇರೆ ಮಾಡಿದ್ದು ಯಾರು ಎಂದು ಕೇಳಿದರು. ನನ್ನ ಸರ್ಟಿಫಿಕೇಟಿಗೆ ಇನ್ನೂ ಸಹಿ ಆಗಿರಲಿಲ್ಲ.

"ರಜಾಕ ಹೋಗೂ ಮೊದ್ಲ ನಾನೇ ಬಿಚ್ಚಿಟ್ಟಿದ್ದೆನ್ರಿ ಮೇಡಂ," ಎಂದರು ಕಾಕಾ. "ಹೊಲಸ ಆಗಿದ್ವು, ಒಗ್ಯಾಕ ಹಾಕಿದೆ. ಮುದುಕ ಆಗೀನ್ರಿ, ತಲಿ ನಿಲ್ಲವಲ್ದು."

ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕೂತಿದ್ದೆ. ಕೈಯಲ್ಲಿ ಮೌಸು ಇತ್ತು. ಒಂದು ಮಾತು, "ಅಲ್ರಿ, ನಾನು" ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ನಾಚಿಕೆಗೇಡಿ ನಾನು, ಇಲ್ಲಿ ಬರೆಯುವುದಕ್ಕೂ ಇಷ್ಟು ವರ್ಷ ತೆಗೆದುಕೊಂಡೆ.

ಆ ತಿಂಗಳು ಅವರ ಕಾಗದ ಮುಂದುವರಿಯಲಿಲ್ಲ. ನನ್ನ ಕೊನೆಯ ದಿನವೇ ಅವರದ್ದೂ ಕೊನೆಯ ದಿನವಾಯಿತು. ನನಗೆ "ಅತ್ಯುತ್ತಮ" ಎಂದು ಬರೆದ ಸರ್ಟಿಫಿಕೇಟು ಸಿಕ್ಕಿತು. ಕಾಕಾ ಹತ್ತಿರ ಬಂದು ಕೇಳಿದರು, "ನಿನ್ನ ಡಬ್ಬ್ಯಾಗ ಇರೋ ಮಂದಿನ ಕಾಗದದ ಮ್ಯಾಲ ತಗಿಲಿಕ್ಕಿ ಬರ್ತದೇನವ್ವಾ?" ಅರವತ್ತೊಂದನ್ನೂ ಪ್ರಿಂಟು ತೆಗೆದುಕೊಟ್ಟೆ. ಯಾಕೆ ಎಂದು ಕೇಳಲಿಲ್ಲ. ಬೇಗ ಹೋದರೆ ಸಾಕಾಗಿತ್ತು ನನಗೆ. ಅವರು ಪ್ರಿಂಟುಗಳನ್ನು ದಸ್ತಿಯಲ್ಲಿ ಕಟ್ಟಿ ಕಂಕುಳಲ್ಲಿಟ್ಟುಕೊಂಡು, ಕಪಾಟಿನ ಕಡೆ ತಿರುಗಿ, ಆ ದಿನ ಏನೂ ಹೇಳದೆ ದೀಪ ಆರಿಸಿದರು.

ಆಮೇಲೆ ಅವರ ಫೋನು ಬರತೊಡಗಿತು. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಪರದೆಯ ಮೇಲೆ ಹೆಸರು ಕಂಡರೆ ಫೋನನ್ನು ಬೋರಲು ಹಾಕಿ ಇಡುತ್ತಿದ್ದೆ. ಎತ್ತಲಿಲ್ಲ. ಒಮ್ಮೆ ಊರಿಂದ ಅವ್ವ ಫೋನು ಮಾಡಿ, "ನಿನ್ನ ಆಫೀಸಿನ ಕಾಕಾ ಬಂದಿದ್ರು," ಎಂದಳು. "ಊರಾಗ ಮನಿ ಮನಿಗಿ ಫೋಟೋ ತೋರಸ್ಲತ್ತಿದ್ರು. ನಮ್ಮ ಮನ್ಯಾಗೇ ಊಟ ಮಾಡಿದ್ರು, ಇನ್ನೊಂದು ರೊಟ್ಟಿ ಕೇಳಿ ಉಂಡ್ರು. ನಿಮ್ಮ ಮಗಳು ಭಾಳ ಶಾಣ್ಯಾ ಅದಾಳ ಅಂದ್ರು." ನಾನು ಮಾತು ಬದಲಿಸಿ, ಮಳೆ ಆಯಿತೇ ಎಂದು ಕೇಳಿದೆ.

ಎರಡು ವರ್ಷದ ಮೇಲೆ ಮತ್ತೆ ಅದೇ ನಂಬರಿನಿಂದ ಫೋನು ಬಂತು. ಅಂದು ಯಾಕೋ ಎತ್ತಿದೆ. ಅವರ ಸೊಸೆ. ಜ್ವರ ಬಂದು ಎಂಟು ದಿನ ಮಲಗಿದ್ದರಂತೆ, ಹೋಗಿ ತಿಂಗಳಾಯಿತಂತೆ. "ನಿಮಗ ಒಂದು ಗಂಟು ಇಟ್ಟಾರ್ರಿ," ಎಂದಳು ಆಕೆ.

ಭಾಲ್ಕಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಅವರ ಹಳ್ಳಿಗೆ ಹೋದೆ. ಸೊಸೆ ನೀರು ಕೊಟ್ಟು, ಒಳಗಿನಿಂದ ಗಂಟು ತಂದು ನನ್ನ ಮಡಿಲಲ್ಲೇ ಇಟ್ಟಳು. "ಮ್ಯೂಸಿಯಂಕ ಬ್ಯಾಡ, ಆ ಹುಡುಗಿ ಕೈಯಾಗೇ ಕೊಡು ಅಂದ್ರು. ಒಂದೊಂದೇ ಬಿಚ್ಚಲಿ ಅಂತ ಹೇಳು ಅಂದ್ರು."

ಒಂದೊಂದೇ ಬಿಚ್ಚಿದೆ. ಆ ಎರಡು ವರ್ಷ ಅವರು ಆ ಪ್ರಿಂಟುಗಳನ್ನು ಹೊತ್ತು ಮತ್ತೆ ಊರೂರು ತಿರುಗಿದ್ದರು. ನಲವತ್ತೇಳು ಮನೆಗಳನ್ನು ಹುಡುಕಿದ್ದರು. ನಲವತ್ತೇಳಕ್ಕೂ ಆಯಾ ಮನೆಯಿಂದ ಹೊಸದಾಗಿ ಬೇಡಿ ತಂದ ಒಂದೊಂದು ತುಂಡು ಅರಿವೆ, ಒಂದೊಂದು ಗಂಟು. ಪ್ರತಿ ಪ್ರಿಂಟಿನ ಹಿಂದೆ ನನ್ನ ಕಂಪ್ಯೂಟರಿನ ನಂಬರನ್ನು ಸೊಟ್ಟ ಅಕ್ಷರದಲ್ಲಿ ಬರೆದಿದ್ದರು, ನನಗೆ ಸುಲಭವಾಗಲಿ ಎಂದು. ಮೂವತ್ತಕ್ಕೂ ಮೇಲೆ ಬಿಚ್ಚಿದ ನಂತರ ಆಯಿ ಒಯ್ದಿದ್ದ ರುಮಾಲಿನ ಅರ್ಧ ತುಂಡು ಬಂತು. ಅಂಚು ಅದೇ. ಒಳಗೆ ನಾವು ಆಯಿಯ ಮುಂದೆ ಇಟ್ಟಿದ್ದ ಆರು ಚಿತ್ರಗಳಲ್ಲಿ ನಾಲ್ಕನೆಯದು.

"ಅದರ ಸಲುವಾಗಿ ಗಡಿ ದಾಟಿ ಹೋಗಿದ್ರು ನೋಡ್ರಿ," ಎಂದಳು ಸೊಸೆ. "ಆ ಆಯಿ ಲಗ್ನದಾಗ ಇದ್ದ ಒಬ್ಬ ಮುದುಕ ಇನ್ನಾ ಅದಾನಂತ. ಆತ ಗುರ್ತ ಹಿಡದನಂತ. ಅದರದೇ ಒಂದು ಕಾಪಿ ತಗಿಸಿ ಆಯಿಗಿ ಒಯ್ದು ಕೊಟ್ಟು ಬಂದ ದಿನಾ ಮಾವ ನಿಮಗ ಎಷ್ಟು ಸಲ ಫೋನ್ ಹಚ್ಚಿದ್ರು. ನೀವು ಕೆಲಸದಾಗ ಇದ್ರಿ ಕಾಣ್ತದ."

ಪ್ರಿಂಟು ತಿರುಗಿಸಿ ನೋಡಿದೆ. ನನ್ನ ಪಟ್ಟಿಯ ನಂಬರು ಇತ್ತು. ಅದರ ಕೆಳಗೆ "ಡಾಬಕಾ ಆಯಿ ಮನಿಯವರು" ಎಂದಷ್ಟೇ ಬರೆದಿದ್ದರು. ಹೆಸರು ಅವರಿಗೆ ಗೊತ್ತಿತ್ತು. ಅಂದು ಆ ಕೋಣೆಯಲ್ಲಿ ಅವರೂ ಕೇಳಿದ್ದರು. ಬರೆದಿರಲಿಲ್ಲ. ಸೊಸೆಯ ಮುಂದೆ ಜೋರಾಗಿ ಅತ್ತುಬಿಟ್ಟೆ. ಕಾಕಾನ ನೆನಪಿಗೆ ಅಳುತ್ತಿದ್ದೇನೆ ಎಂದುಕೊಂಡು ಆಕೆ ನನ್ನ ಬೆನ್ನು ಸವರಿದಳು.

ಮರುದಿನ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. "ಹೋಗಲಿ ಬಿಡಿ, ಅವರಿಗೆ ವಯಸ್ಸೂ ಆಗಿತ್ತು," ಎಂದರು. ಬೈದಿದ್ದರೆ ಚೆನ್ನಾಗಿತ್ತು. ನಲವತ್ತೇಳು ಚಿತ್ರಗಳು ಈಗ ಮತ್ತೆ ತಮ್ಮ ತಮ್ಮ ಅರಿವೆಗಳಲ್ಲಿವೆ. ಉಳಿದ ಹದಿನಾಲ್ಕರ ಪ್ರಿಂಟು ನನ್ನ ಚೀಲದಲ್ಲಿದೆ. ರಜೆ ಇದ್ದ ದಿನ ಬಸ್ಸು ಹತ್ತುತ್ತೇನೆ. ಇಲ್ಲಿಯವರೆಗೆ ಮೂರು ಸಿಕ್ಕಿವೆ. ಅಜ್ಜಿಯರ ಮುಂದೆ ಕೂತಾಗ ಹೆಸರು ಕೇಳುವುದಿಲ್ಲ, ಒಂದು ಅರಿವೆ ಕೊಡಿ ಎನ್ನುತ್ತೇನೆ.

ಆ ದೊಡ್ಡ ಗಂಟನ್ನು ಕಾಕಾ ತಮ್ಮ ಸ್ವಂತ ರುಮಾಲಿನಲ್ಲಿ ಕಟ್ಟಿದ್ದರು. ಅದು ನನ್ನ ಟ್ರಂಕಿನಲ್ಲಿದೆ. ಉಣ್ಣೆ, ಶೇಂಗಾ ಹಿಂಡಿ, ಬಸ್ಸಿನ ಧೂಳು, ಎಲ್ಲದರ ವಾಸನೆಯೂ ಇದೆ. ಮಾಸ್ಕು ತೆಗೆದು ಮೂಸಿ ನೋಡಿದ್ದೇನೆ. ಅದನ್ನು ನಾನು ಒಗೆದಿಲ್ಲ.